ಕಂಬಳಿಯ ಮೇಲೆ ಸತ್ತವರು

ನನ್ನ ದೀಪದ ಗೂಡಿನಲ್ಲಿ ಒಂದು ಸೀಸದ ಕುದುರೆ ಇದೆ. ಹೆಬ್ಬೆರಳಿಗಿಂತ ತುಸು ದೊಡ್ಡದು. ಮುಂಗಾಲೊಂದು ಮುರಿದಿದೆ, ಬಣ್ಣ ಯಾವ ಕಾಲಕ್ಕೋ ಹೋಗಿದೆ. ಮೊನ್ನೆ ಹಳೇ ಸಾಮಾನಿನವನು ಬೀದಿಗೆ ಬಂದಾಗ ನನ್ನ ಸೊಸೆ ತೂತುಬಿದ್ದ ಕೊಳಗ, ಹಿಡಿ ಕಳಚಿದ ಸೌಟುಗಳ ಜೊತೆ ಅದನ್ನೂ ಅವನ ತಕ್ಕಡಿಗೆ ಹಾಕಿಬಿಟ್ಟಿದ್ದಳು. ಬಚ್ಚಲಿಗೆ ಹೋಗಲೂ ಯಾರದಾದರೂ ಭುಜ ಹುಡುಕುವ ನಾನು ಒಲೆಯ ಮುಂದಿನಿಂದ ಎದ್ದು ಬೀದಿಗೆ ಓಡಿದ್ದನ್ನು ಕಂಡು ಹಳೇ ಸಾಮಾನಿನವನೇ ತಕ್ಕಡಿ ಕೆಳಗಿಟ್ಟ.

“ಏನತ್ತೆ, ಬಂಗಾರ ಹೋದಂಗೆ ಓಡಿ ಬಂದ್ರಿ? ಸೀಸ ಅಲ್ವಾ ಅದು?” ಅಂದಳು ಸೊಸೆ.

“ಸೀಸನೇ. ನಿನ್ನ ಗಂಡನಿಗಿಂತ ಹಳೇದು, ಅವನಿಗಿಂತ ಗಟ್ಟಿ. ಇಳಿಸು ಕೆಳಗೆ.”

ಸೊಸೆ ಒಳ್ಳೆಯವಳೇ. ಅವಳದು ಒಂದೇ ಚಾಳಿ ನನಗೆ ಆಗುವುದಿಲ್ಲ. ಗೂಡು ಸಾರಿಸುವಾಗಲೆಲ್ಲ ಆ ಮೂರು ಕಾಲಿನ ಕುದುರೆಯನ್ನು ದೀಪದ ಬುಡ್ಡಿಗೆ ಒರಗಿಸಿ ನಿಲ್ಲಿಸುತ್ತಾಳೆ. ನಾನು ಮಲಗಿಸುತ್ತೇನೆ. ಅವಳು ನಿಲ್ಲಿಸುತ್ತಾಳೆ. ಯಾಕೆ ಅಂತ ಅವಳು ಕೇಳಿಲ್ಲ, ನಾನು ಹೇಳಿಲ್ಲ. ಅವಳಿಗೆ ಹೇಳಲು ಕೂತರೆ ನಡುವೆ ಹಾಲು ಉಕ್ಕಿತು ಅಂತ ಎದ್ದು ಹೋಗುತ್ತಾಳೆ. ನೀವು ಕೂತು ಓದುವವರು, ನಿಮಗೆ ಹೇಳುತ್ತೇನೆ. ನಾನು ಕಲಿತದ್ದು ಕಡಿಮೆ. ಕೂಲಿಮಠದ ಅಯ್ಯನವರು ಮರಳಿನ ಮೇಲೆ ಕಾಗುಣಿತ ತಿದ್ದಿಸಿ, ಒತ್ತಕ್ಷರ ಬರುವ ಹೊತ್ತಿಗೆ ತೀರಿಕೊಂಡರು. ಇದರಲ್ಲಿ ತಪ್ಪು ಕಂಡರೆ ಅರ್ಧ ಅವರ ಲೆಕ್ಕಕ್ಕೆ ಹಾಕಿ.

ನಮ್ಮಪ್ಪ ಬೀರಪ್ಪ ಬಂಗಲೆ ಮೇಟಿ, ಅಂದರೆ ಬಂಗಲೆ ನೋಡಿಕೊಂಡು ಬಂದ ದೊರೆಗಳ ಚಾಕರಿ ಮಾಡುವ ಆಳು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ದಾರಿಯಲ್ಲಿ, ಊರು ಮುಗಿದು ಜಾಲಿ ಶುರುವಾಗುವ ಕಡೆ ಆಗ ಒಂದು ಸರ್ಕಾರಿ ಬಂಗಲೆ ಇತ್ತು. ತಿರುಗಾಟದ ಮೇಲೆ ಬಂದ ದೊರೆಗಳು, ಅಮಲ್ದಾರರು ಇಳಿದುಕೊಳ್ಳುವ ಜಾಗ. ಅದರ ಹಿಂದೆ ದೊಡ್ಡ ಹುಣಸೆಮರ, ಮರದ ಆಚೆ ಬಾವಿ, ಬಾವಿಯ ಆಚೆ ನಮ್ಮ ಮನೆ. ಮನೆಯಲ್ಲಿ ಅಪ್ಪ, ಅವ್ವ, ಕೆಂಚಕ್ಕ, ನಾನು. ಕೆಂಚಕ್ಕ ಮದುವೆಗೆ ಬಂದ ಹುಡುಗಿ. ನಾನು ಹುಲ್ಲುಗಾವಲಿನಲ್ಲಿ ಅಲೆದು ಲಂಗದ ತುಂಬ ಹುಲ್ಲಿನ ಮುಳ್ಳು ಅಂಟಿಸಿಕೊಂಡು ಬಂದು ಬೈಸಿಕೊಳ್ಳುವ ವಯಸ್ಸಿನವಳು. ಅಪ್ಪ ಬಂಗಲೆಯೊಳಗೆ ದಿನವಿಡೀ “ಹೂಂ ದೊರೆ” ಅನ್ನುತ್ತಿದ್ದ, ಮನೆಗೆ ಬಂದರೆ ಅವ್ವನಿಗೆ “ಹೂಂ ಕಣೆ” ಅನ್ನುತ್ತಿದ್ದ. ಅವನ ಬಾಯಲ್ಲಿ ಬೇರೆ ಮಾತು ಕೇಳಿದ ನೆನಪು ನನಗೆ ಕಡಿಮೆ.

ಚಳಿಗಾಲ ಬಂತೆಂದರೆ ಒಬ್ಬ ದೊರೆ ಬಂದು ತಿಂಗಳುಗಟ್ಟಲೆ ಬಂಗಲೆಯಲ್ಲಿ ಇರುತ್ತಿದ್ದ. ನೆಲದೊಳಗೆ ಏನಿದೆ ಅಂತ ಹುಡುಕುವುದು ಅವನ ಕೆಲಸವಂತೆ. ಮೊಳಕಾಲ್ಮೂರು ಕಡೆಯ ಗುಡ್ಡಗಳಿಗೆಲ್ಲ ಸುತ್ತಿಗೆ ಹಿಡಿದು ಹೋಗುತ್ತಿದ್ದ. ಕಲ್ಲು ಒಡೆಯುತ್ತಿದ್ದ, ಮೂಸುತ್ತಿದ್ದ, ಆಮೇಲೆ ನಾಲಗೆ ಚಾಚಿ ನೆಕ್ಕುತ್ತಿದ್ದ. ಮೊದಲ ಸಲ ಅದನ್ನು ಕಂಡ ದಿನ ನಾನು ಓಡಿ ಬಂದು ಅವ್ವನ ಸೆರಗು ಹಿಡಿದುಕೊಂಡಿದ್ದೆ.

“ದೊರೆ ಕಲ್ಲು ತಿಂತಾನವ್ವಾ!”

“ತಿನ್ಲಿ ಬಿಡೇ. ಅಡುಗೆ ಮಾಡಿಕ್ಕೋ ಹೆಂಡ್ತಿ ಇಲ್ಲ ಪಾಪ,” ಅಂದಳು ಅವ್ವ.

ಅವನಿಗೆ ನಾವಿಟ್ಟ ಹೆಸರು ಕಲ್ಲು ದೊರೆ. ಮನುಷ್ಯ ಕೆಟ್ಟವನಲ್ಲ. ಗದರುತ್ತಿರಲಿಲ್ಲ, ಕುಡಿದು ಕೂಗುತ್ತಿರಲಿಲ್ಲ. ಆದರೆ ಅವನ ಹತ್ತಿರ ಒಂದು ತೇಗದ ಪೆಟ್ಟಿಗೆ ಇತ್ತು. ಅದನ್ನು ಗಾಡಿಯಿಂದ ಇಳಿಸುವಾಗ ಮಾತ್ರ ತಾನೇ ಕೈ ಕೊಡುತ್ತಿದ್ದ. ಅದರಲ್ಲಿ ಔಷಧಿ ಇದೆ ಅಂತ ಅಪ್ಪ, ಬಂಗಾರದ ಕಲ್ಲು ಇದೆ ಅಂತ ಅವ್ವ. ಒಂದು ದಿನ ಅಪ್ಪ ಹಿತ್ತಲಿಗೆ ಬಂದವನು ಮುಖ ಬೆಳ್ಳಗೆ ಮಾಡಿಕೊಂಡು ನಿಂತ.

“ಪೆಟ್ಟಿಗೆ ತೆಗೆದಿದ್ದ ಕಣೆ. ಮನುಷ್ಯರು.”

“ಏನಂದಿ?”

“ಪೆಟ್ಟಿಗೆ ತುಂಬಾ ಮನುಷ್ಯರು. ಇಷ್ಟಿಷ್ಟು. ಕುದುರೆ ಅದಾವೆ, ತೋಪು ಅದಾವೆ. ಅಳಿಲು ಕೂದಲಿನ ಕಡ್ಡಿ ತಗಂಡು ಒಬ್ಬೊಬ್ಬನಿಗೂ ಮೀಸೆ ಬರೀತಾ ಕೂತಾನೆ.”

ಮೂಗಿನ ಕೆಳಗೆ ನರೆತ ಮೀಸೆ ಇಟ್ಟುಕೊಂಡ ಗಂಡಸು ಹಗಲು ಹೊತ್ತಿನಲ್ಲಿ ಗೊಂಬೆಗೆ ಮೀಸೆ ಬರೆಯುತ್ತಾನೆ ಅಂದರೆ ಏನು ಹೇಳುತ್ತೀರಿ? ಗೊಂಬೆ ಅಂದರೆ ಹೆಣ್ಣುಮಕ್ಕಳ ಸಾಮಾನು ಅಂತ ತಿಳಿದಿದ್ದವಳು ನಾನು. ನನ್ನ ಗೊಂಬೆಗೆ ತಲೆ ಇರಲಿಲ್ಲ, ಜೋಳದ ದಂಟಿಗೆ ಬಟ್ಟೆ ಸುತ್ತಿದ್ದು ಅಷ್ಟೆ. ಅವನ ಗೊಂಬೆಗಳಿಗೆ ಗುಂಡಿ, ಪಟ್ಟಿ, ಬೆನ್ನಿಗೆ ಚೀಲ, ಟೋಪಿಗೆ ಗರಿ. ಕಿಟಕಿಯ ಸಂದಿನಿಂದ ನೋಡಿ ನನಗೆ ಹೊಟ್ಟೆ ಉರಿದು ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ.

ಆಮೇಲೆ ಅಪ್ಪ ಕೇಳಿ ತಿಳಿದುಕೊಂಡು ಬಂದು ಹೇಳಿದ. ಹಿಂದೆ, ಈ ದೊರೆಯ ಅಜ್ಜಂದಿರ ಕಾಲದಲ್ಲಿ, ಫ್ರೆಂಚರ ಕಡೆ ನೆಪೋಲಿಯನ್ ಅಂತ ಒಬ್ಬ ರಾಜ ಇದ್ದನಂತೆ. ಅಪ್ಪನ ಬಾಯಲ್ಲಿ ಅವನು ನೆಪೋಲಪ್ಪ. ಊರೂರು ಗೆದ್ದು, ಕಡೆಗೆ ಒಂದು ಬಯಲಲ್ಲಿ ಇಂಗ್ಲಿಷಿನವರ ಕೈಯಲ್ಲಿ ಸೋತನಂತೆ. ಆ ಕಾಳಗವನ್ನೇ ಇವರು ಮೇಜಿನ ಮೇಲೆ ಇನ್ನೊಂದು ಸಲ ಆಡುವುದು. ಇವನ ಜೊತೆ ಆಡಲು ಬಳ್ಳಾರಿ ದಂಡಿನಿಂದ ಒಬ್ಬ ಡಾಕ್ಟರ್ ದೊರೆ ವರ್ಷಕ್ಕೊಮ್ಮೆ ಕುದುರೆಗಾಡಿಯಲ್ಲಿ ಬರುತ್ತಿದ್ದ. ಕೆಂಪು ಅಂಗಿಯ ಇಂಗ್ಲಿಷ್ ಸಿಪಾಯಿಗಳು ಡಾಕ್ಟರನ ಕಡೆ, ನೀಲಿ ಅಂಗಿಯ ನೆಪೋಲಿಯನ್ ಕಲ್ಲು ದೊರೆಯ ಕಡೆ. ಪ್ರತಿ ವರ್ಷವೂ ನೆಪೋಲಿಯನ್ ಸೋಲುತ್ತಿದ್ದ. ಕಲ್ಲು ದೊರೆ ಒಂದು ವಾರ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ.

“ನೀವೂ ಇಂಗ್ಲಿಷಿನೋರೇ ಅಲ್ವಾ ದೊರೆ, ಸೋತೋನ ಕಡೆ ಯಾಕೆ?” ಅಂತ ಅಪ್ಪ ಒಂದು ಸಲ ಧೈರ್ಯ ಮಾಡಿ ಕೇಳಿದನಂತೆ.

“ಅವನು ಸೋತಿದ್ದು ಮಳೆಯಿಂದ, ಬೀರಪ್ಪ. ನೆಲ ಕೆಸರಾಗಿತ್ತು, ತೋಪು ಎಳೆಯೋದಕ್ಕೆ ಆಗಲಿಲ್ಲ. ಚಳ್ಳಕೆರೆಯಲ್ಲಿ ಮಳೆ ಇಲ್ಲ. ಇಲ್ಲಿ ಅವನು ಗೆಲ್ಲಬೇಕು,” ಅಂದನಂತೆ.

ನಮ್ಮೂರಿಗೆ ಮಳೆ ಇಲ್ಲ ಅಂತ ಸಂತೋಷಪಟ್ಟವನನ್ನು ನಾನು ಅವನೊಬ್ಬನನ್ನೇ ಕಂಡದ್ದು.

ಆಟದ ಮೇಜಿಗೆ ಹಾಸಲು ಅವನ ಹತ್ತಿರ ಒಂದು ಹಸಿರು ಬಟ್ಟೆ ಇತ್ತು. ಅದು ಹುಲ್ಲುಬಯಲು. ಒಂದು ವರ್ಷ ಪೆಟ್ಟಿಗೆ ತೆಗೆದು ನೋಡಿದರೆ ಗೆದ್ದಲು ಅದನ್ನು ಜರಡಿ ಮಾಡಿತ್ತು. ಡಾಕ್ಟರ್ ದೊರೆ ಅಂದೇ ಸಂಜೆ ಬರುವವನು. ಕಲ್ಲು ದೊರೆ ತಲೆಯ ಮೇಲೆ ಕೈಹೊತ್ತು ಕೂತದ್ದನ್ನು ಅಪ್ಪನಿಗೆ ನೋಡಲಾಗಲಿಲ್ಲ. ಮನೆಗೆ ಬಂದು, ಅವ್ವ ನೀರಿಗೆ ಹೋದ ಹೊತ್ತು ನೋಡಿ, ಅಟ್ಟದ ಮೇಲಿದ್ದ ಹೊಸ ಕರೀ ಕಂಬಳಿಯನ್ನು ಎತ್ತಿಕೊಂಡು ಹೋದ. ಒಂದು ದಿನದ ಆಟ, ಮಡಚಿ ತಂದಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಅಂತ ಅವನ ಲೆಕ್ಕ.

ಆ ಕಂಬಳಿ ಯಾವುದು ಅಂತ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಾವು ಕುರಿಯವರು. ನಮ್ಮಲ್ಲಿ ಆಗ ಮದುವೆಯ ಮಾತು ಆಗಬೇಕಾದರೆ ಹುಡುಗಿ ತಾನೇ ನೂತ ಉಣ್ಣೆಯ ಕಂಬಳಿ ಬೇಕಿತ್ತು. ಅದನ್ನು ಅದಕ್ಕಿಂತ ಮುಂಚೆ ಯಾರೂ ಹೊದ್ದಿರಬಾರದು, ಯಾರೂ ಕೂತಿರಬಾರದು. ಎರಡೂ ಕಡೆಯ ಹಿರಿಯರು ಅದನ್ನು ಹಾಸಿ, ದೇವರ ಅರಿಶಿನದ ಭಂಡಾರ ಚೆಲ್ಲಿ, ಅದರ ಮೇಲೆ ಕೂತು ಮಾತಾಡಿದರೆ ಆ ಮಾತು ಗಟ್ಟಿ. ಕೆಂಚಕ್ಕ ಆ ಕಂಬಳಿಗೆ ವರ್ಷವೆಲ್ಲ ನೂತಿದ್ದಳು. ಎಲ್ಲಿ ಕೂತರೂ ಕೈಯಲ್ಲಿ ಕದಿರು. ನೂಲು ತುಂಡಾದರೆ ಮೊದಲು ನನಗೆ ಒಂದು ಬೈಗಳು, ಆಮೇಲೆ ಗಂಟು. ಇಷ್ಟು ಆಸೆಗೆ ಕಾರಣ ಇತ್ತು. ಹುಡುಗ ಮೊಳಕಾಲ್ಮೂರು ಕಡೆಯ ಹಟ್ಟಿಯ ಮೈಲಾರಿ. ಉಣ್ಣೆ ಕತ್ತರಿಸುವ ಕಾಲದಲ್ಲಿ ನಮ್ಮ ಚಿಕ್ಕಪ್ಪನ ಹಟ್ಟಿಗೆ ಬಂದಿದ್ದ. ಟಗರು ಕೊಸರಿಕೊಂಡು ಅವನನ್ನು ಕೆಡವಿದಾಗ ಎಲ್ಲರೂ ನಕ್ಕರು, ಕೆಂಚಕ್ಕ ನಗಲಿಲ್ಲ. ಆವತ್ತೇ ನನಗೆ ಗೊತ್ತಾಯಿತು. ಇದಕ್ಕೆ ಮುಂಚೆ ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ನೆವಕ್ಕೆ ಮುರಿದಿದ್ದವು. ಇದೂ ಮುರಿದರೆ ಹುಡುಗಿಯ ಕಾಲ್ಗುಣ ಸರಿಯಿಲ್ಲ ಅನ್ನುವ ಮಾತು ಸುತ್ತಲಿನ ಹಟ್ಟಿಗಳಲ್ಲೆಲ್ಲ ಕೂತುಬಿಡುತ್ತಿತ್ತು.

ಬೀಗರು ಬರಬೇಕಾಗಿದ್ದು ಸಂತೆ ಮುಗಿದ ಮಾರನೆಯ ದಿನ. ಗಾಡಿ ಸಿಕ್ಕಿತು ಅಂತ ಸಂತೆಗೂ ಮುಂಚೆ, ಅಪ್ಪ ಕಂಬಳಿ ಒಯ್ದ ಮಾರನೆಯ ಬೆಳಿಗ್ಗೆಯೇ ಬಂದು ಇಳಿದರು. ಮೈಲಾರಿಯ ತಾತ ಓಬಳಜ್ಜ, ಒಬ್ಬ ದೊಡ್ಡಪ್ಪ, ಹಿಂದೆ ಮೈಲಾರಿ. ಅವ್ವ ಕಾಲಿಗೆ ನೀರು ಕೊಟ್ಟು, ಅಟ್ಟಕ್ಕೆ ಕೈಹಾಕಿ, ಹಾಗೇ ನಿಂತಳು.

“ಈರೀ,” ಅಂದಳು ನನಗೆ, ಮೆಲ್ಲಗೆ. ಅವ್ವ ಮೆಲ್ಲಗೆ ಮಾತಾಡಿದರೆ ನಮಗೆ ಭಯ. “ಕಂಬಳಿ ಎಲ್ಲೇ?”

ನನಗೇನು ಗೊತ್ತು. ಅಪ್ಪನನ್ನು ಕೇಳಲು ಬಂಗಲೆಗೆ ಓಡಿದೆ. ದೊಡ್ಡ ಕೋಣೆಯ ಬಾಗಿಲಲ್ಲಿ ನಿಂತು ನೋಡಿದವಳಿಗೆ ಕಾಲು ಕೀಳಲಾಗಲಿಲ್ಲ.

ಎರಡು ಮೇಜು ಜೋಡಿಸಿ ಹಾಕಿದ್ದರು. ಅದರ ತುಂಬ ಅಕ್ಕನ ಕಂಬಳಿ. ಅಡಿಯಲ್ಲಿ ಕಲ್ಲು ದೊರೆಯ ಕಲ್ಲುಗಳನ್ನೇ ಇಟ್ಟು ದಿಣ್ಣೆ ಎಬ್ಬಿಸಿದ್ದರು. ಮೊಳಕಾಲ್ಮೂರಿನ ನೇಕಾರರ ಹತ್ತಿರ ತಂದ ನೀಲಿ ರೇಷ್ಮೆ ಎಳೆ ಹಳ್ಳವಾಗಿತ್ತು. ಬೆಂಕಿಪೊಟ್ಟಣಗಳು ಮನೆ, ಜಾಲಿಯ ಕಡ್ಡಿಗಳು ಮರ. ಗುಂಡು ಹಾರಿಸಿದ ಫಿರಂಗಿಯ ಮೂತಿಗೆ ಒಂದು ಚೂರು ಅರಳೆ, ಅದು ಹೊಗೆ. ದೊರೆಗಳಲ್ಲಿ ಒಬ್ಬ ಗಂಟು ಹಾಕಿದ ದಾರದಲ್ಲಿ ಅಳೆದು ತನ್ನ ಸಾಲನ್ನು ಮುಂದೆ ಸರಿಸುತ್ತಿದ್ದ. ಇನ್ನೊಬ್ಬ ದಾಳ ಎಸೆಯುತ್ತಿದ್ದ. ದಾಳ ಹೇಳಿದಷ್ಟು ಮಂದಿ ಸಾಯುತ್ತಿದ್ದರು. ಸತ್ತವನನ್ನು ಎತ್ತಿ ಪೆಟ್ಟಿಗೆಗೆ ಹಾಕುವ ಹಾಗಿಲ್ಲ, ಬಿದ್ದವನು ಬಿದ್ದಲ್ಲೇ ಇರಬೇಕು. ಅದು ಕಲ್ಲು ದೊರೆಯ ಕಟ್ಟಳೆ. ಒಂದು ಕಡೆ ಕೆಂಪು ಅಂಗಿಯವರು ಕುದುರೆಗಳಿಗೆ ಹೆದರಿ, ಮಧ್ಯಾಹ್ನದ ಬಿಸಿಲಿಗೆ ಕುರಿ ತಲೆ ಒಳಗೆ ಮಾಡಿ ಗುಂಪುಗಟ್ಟಿದ ಹಾಗೆ ನಾಲ್ಕು ಮೂಲೆಯಾಗಿ ನಿಂತಿದ್ದರು. ಉಳಿದ ಕಡೆಯೆಲ್ಲ ಕೆಂಪು ಅಂಗಿಯವರು ಮಲಗಿದ್ದರು. ನೀಲಿಯವರೂ ಮಲಗಿದ್ದರು, ಆದರೆ ಕಡಿಮೆ.

ಕಲ್ಲು ದೊರೆ ಆ ಸಲ ಗೆಲ್ಲುತ್ತಿದ್ದ. ಅವನ ಕಿವಿಯ ತುದಿ ಕೆಂಪಾಗಿತ್ತು. ಅಪ್ಪ ಚಹದ ತಟ್ಟೆ ಹಿಡಿದು ಮೂಲೆಯಲ್ಲಿ ನಿಂತು ಬಾಯಿ ತೆರೆದುಕೊಂಡು ನೋಡುತ್ತಿದ್ದ. ನಾನು ಬಂದದ್ದು ಅವನಿಗೆ ತಿಳಿಯಲೇ ಇಲ್ಲ.

“ಅಪ್ಪಾ, ಬೀಗ್ರು ಬಂದಾರೆ,” ಅಂದೆ.

ಅಪ್ಪ ನನ್ನನ್ನು ನೋಡಿ, ಆಮೇಲೆ ಮೇಜಿನ ಮೇಲಿನ ಕಂಬಳಿ ನೋಡಿದ. ಅಷ್ಟರಲ್ಲಿ ನನ್ನ ಹಿಂದೆ ಕೆಮ್ಮು ಕೇಳಿಸಿತು. ಬಂಗಲೆ ನೋಡುವ ಆಸೆಗೆ ಓಬಳಜ್ಜ ನನ್ನ ಹಿಂದೆಯೇ ಬಂದು, ಕೆರ ಬಿಟ್ಟು ಹೊಸ್ತಿಲಲ್ಲಿ ನಿಂತಿದ್ದ. ಅವನ ಬಾಯಲ್ಲಿ ಕನ್ನಡ ಅರ್ಧ, ತೆಲುಗು ಅರ್ಧ. ಗಾಬರಿಯಾದರೆ ತೆಲುಗು ಮುಂದೆ ಬರುತ್ತಿತ್ತು.

“ಏಂದಿರಾ ಇದಿ, ಬೀರಪ್ಪಾ? ಹೊಸಾ ಕಂಬಳಿ ಮ್ಯಾಲೆ ಹೆಣ ಮಲಗಿಸೀಯ?”

“ಗೊಂಬೆ ಯಜಮಾನ್ರೆ. ಸೀಸದ ಗೊಂಬೆ.”

“ಗೊಂಬೆ ಆದ್ರೆ ಯಾಕೆ ಮಲಗ್ಯಾವೆ?”

ಅಪ್ಪನಿಗೆ ಸುಳ್ಳು ಬರುವುದಿಲ್ಲ. “ಸತ್ತೋಗ್ಯಾವೆ,” ಅಂದ.

“ಗೊಂಬೆ ಅಂತೀಯ, ಸತ್ತೋಗ್ಯಾವೆ ಅಂತೀಯ. ಒಂದೇ ಮಾತಾಡು ಲೇ! ಇದು ನಮ್ಮ ಮನೀಗೆ ಬರೋ ಹುಡುಗಿ ನೂತ ಕಂಬಳಿ ಹೌದೋ ಅಲ್ಲೋ?”

“ಹೌದು.”

ಓಬಳಜ್ಜ ಹಣೆಗೆ ಕೈಹಚ್ಚಿಕೊಂಡ. ಈ ಹೊತ್ತಿಗೆ ದೊಡ್ಡಪ್ಪ, ಮೈಲಾರಿ ಎಲ್ಲರೂ ಬಂದು ಜಗುಲಿಯಲ್ಲಿ ನಿಂತಿದ್ದರು. ಅವ್ವ ಕಂಬದ ಹಿಂದೆ. ಅವಳ ಕಣ್ಣು ಅಪ್ಪನ ಮೇಲೆ ಹೇಗಿತ್ತೆಂದರೆ, ನೆಪೋಲಿಯನ್ನನ ತೋಪುಗಳಿಗೆಲ್ಲ ಆ ಬೆಂಕಿ ಸಾಕಿತ್ತು.

ಓಬಳಜ್ಜ ಒರಟನಲ್ಲ. ದಾರಿಯನ್ನೂ ಅವನೇ ಹೇಳಿದ. “ಸ್ವಾಮಿ ದೊರೆ, ಬಿದ್ದಿರೋರ್ನ ಎಬ್ಬಿಸಿ ನಿಲ್ಸಿಬಿಡ್ರಿ. ನಿಂತ್ರೆ ಗೊಂಬೆ. ನಿಂತದ್ದು ನನ್ನ ಕಣ್ಣಿಗೆ ಕಂಡ್ರೆ ಸಾಕು, ಕಂಬಳಿ ಕೊಡವಿ ಹಾಸ್ಕಂತೀವಿ. ಎಲ್ರೂ ಏಳ್ಬೇಕು. ಒಬ್ಬ ಬಿದ್ದಿದ್ರೂ ಆಗಕಿಲ್ಲ.”

ಡಾಕ್ಟರ್ ದೊರೆ ಹೊಟ್ಟೆ ಹಿಡಿದು ನಗತೊಡಗಿದ. ಅವನು ಸೋಲುತ್ತಿದ್ದವನು. “ಬುಡ್ಡಾ ಠೀಕ್ ಬೋಲ್ತಾ ಹೈ!” ಅಂದ. ಮುದುಕ ಹೇಳುವುದು ಸರಿ ಅಂತ. ಹೇಳಿ, ತನ್ನ ಕೆಂಪು ಸಿಪಾಯಿಗಳನ್ನು ಎಬ್ಬಿಸಲು ಕೈ ಚಾಚಿಯೇ ಬಿಟ್ಟ.

ಕಲ್ಲು ದೊರೆ ಅವನ ಮಣಿಕಟ್ಟು ಹಿಡಿದ. ಮೆತ್ತಗೆ ಹಿಡಿದದ್ದಲ್ಲ. ಡಾಕ್ಟರನ ನಗು ಅಲ್ಲಿಗೇ ನಿಂತಿತು. ಬಿಳಿಯರು ಬಿಳಿಯರ ಮೇಲೆ ಕೈಮಾಡುವುದನ್ನು ನಾವ್ಯಾರೂ ಕಂಡಿರಲಿಲ್ಲ.

“ಬೇಡ,” ಅಂದ ಕಲ್ಲು ದೊರೆ. “ಎಬ್ಬಿಸೋದು ಆಗೋದಿಲ್ಲ.”

“ದೊರೆ, ಹುಡುಗಿ ಮದುವೆ ಮಾತು...” ಅಂದ ಅಪ್ಪ. ದೊರೆಗೆ ಎದುರು ಅವನು ಆಡಿದ ಮೊದಲ ಮಾತು ಅದೇ ಇರಬೇಕು.

“ಅವರು ಎದ್ದರೆ ಯುದ್ಧ ಸುಳ್ಳಾಗುತ್ತೆ, ಬೀರಪ್ಪ.” ಆಮೇಲೆ ಓಬಳಜ್ಜನ ಕಡೆ ತಿರುಗಿ, ನಮಗೆಲ್ಲ ತಿಳಿಯುವ ಕನ್ನಡದಲ್ಲಿ, ಬಿಡಿಸಿ ಬಿಡಿಸಿ ಹೇಳಿದ: “ಅವರು ಸತ್ತಿದ್ದಾರೆ.”

ಕಂಬದ ಹಿಂದೆ ಅವ್ವ “ಇವನ ಬಾಯಿಗೆ ಮಣ್ಣು ಹಾಕ” ಅಂದದ್ದು ಎಲ್ಲರಿಗೂ ಕೇಳಿಸಿತು.

ಅದಾದ ಮೇಲೆ ಓಬಳಜ್ಜ ಮಾಡಿದ್ದನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಅವನು ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಸಾವಿನ ಮನೆಯ ಮುಂದೆ ಹಾಗೆ ಮಾಡುವುದು. ದೊಡ್ಡಪ್ಪನೂ ತೆಗೆದ. ಮೈಲಾರಿಯೂ ತೆಗೆದ.

“ಮನೆ ಯಜಮಾನ್ನೇ ಇವ್ರು ಸತ್ತಾರೆ ಅಂದ ಮ್ಯಾಲೆ ಮುಗೀತು,” ಅಂದ ಅಜ್ಜ. “ಹಂಗಾದ್ರೆ ಹೆಣ ಇಟ್ಕಂಡು ನಿಲ್ಬಾರ್ದು. ಮಣ್ಣು ಮಾಡ್ರಿ. ಮೂರ್ನೇ ದಿನಕ್ಕೆ ಹಾಲುತುಪ್ಪ ಬಿಟ್ಟು, ಕಂಬಳಿ ಬಿಸಿಲಿಗೆ ಹಾಕಿ, ಆಮ್ಯಾಲೆ ಕೂತು ಮಾತಾಡಾನ. ಅದೂ ಆಗಕಿಲ್ಲ ಅಂದ್ರೆ ಗಾಡಿ ಹೂಡು, ಮೈಲಾರಿ. ನಮಗೂ ಈ ಮನೀಗೂ ಆಯ್ತು.”

ಮೈಲಾರಿ ಅಲ್ಲಾಡಲಿಲ್ಲ. ತಾತನಿಗೆ ಎದುರಾಡಲೂ ಇಲ್ಲ. ನೆಲ ನೋಡಿಕೊಂಡು ನಿಂತ. ಅಪ್ಪ ದೊರೆಯ ಮುಖ ನೋಡಿದ, ದೊರೆ ಮೇಜು ನೋಡಿದ. ಒಬ್ಬೊಬ್ಬನಿಗೂ ಕೂತು ಮೀಸೆ ಬರೆದವನು ಅವನು, ಮಣ್ಣಿಗೆ ಹಾಕು ಅಂದರೆ ಹಾಕುತ್ತಾನೆಯೇ? ನಾನು ಅಕ್ಕನ ಮದುವೆ ಮುರಿಯಿತು ಅಂತಲೇ ತಿಳಿದೆ.

ಆಗ ಕೆಂಚಕ್ಕ ಬಂದಳು. ಬೀಗರ ಎದುರು ತಲೆಯೆತ್ತದೆ ಒಳಮನೆಯಲ್ಲಿ ಕೂತಿರಬೇಕಾದವಳು, ಗಂಡಸರ ನಡುವೆ ನಡೆದು, ಅಪ್ಪನೂ ಅಪ್ಪಣೆಯಿಲ್ಲದೆ ತುಳಿಯದ ದೊಡ್ಡ ಕೋಣೆಯೊಳಗೆ ಹೋಗಿ, ಮೇಜಿನ ಅಂಚಿನಲ್ಲಿ ಇಳಿಬಿದ್ದಿದ್ದ ಕಂಬಳಿಯ ಕುಚ್ಚು ಹಿಡಿದುಕೊಂಡಳು. ಕೈಗೆ ಒಂದು ಸುತ್ತು ಸುತ್ತಿಕೊಂಡಳು. ಅಂಚಿನ ಸಿಪಾಯಿಗಳು ಅಲ್ಲಾಡಿದರು.

“ಇದು ನಂದು, ನಾನು ನೂತಿದ್ದು,” ಅಂದಳು ದೊರೆಗೆ. “ಎಬ್ಬಿಸ್ತೀಯೋ, ಹೂಳ್ತೀಯೋ? ಎರಡ್ರಾಗೆ ಒಂದು ಮಾಡು. ಇಲ್ಲಾಂದ್ರೆ ಎಳೀತೀನಿ.”

ದೊರೆಗೆ ಏಕವಚನ! ಅಪ್ಪ ಕಣ್ಣು ಮುಚ್ಚಿಕೊಂಡ. ದೊರೆ ಅವಳ ಮುಖ ನೋಡಿದ, ಅವಳ ಕೈ ನೋಡಿದ. ಆಮೇಲೆ ಅಪ್ಪನ ಕೈಯಿಂದ ಚಹದ ತಟ್ಟೆ ತೆಗೆದುಕೊಂಡ, ಬಟ್ಟಲು ಕೆಳಗಿಟ್ಟ, ಸತ್ತವರನ್ನು ಒಬ್ಬೊಬ್ಬನನ್ನಾಗಿ ಎತ್ತಿ ಆ ತಟ್ಟೆಯಲ್ಲಿ ಮಲಗಿಸತೊಡಗಿದ. ಕೆಂಪಿನವರನ್ನೂ ನೀಲಿಯವರನ್ನೂ. ಹೂಳಿದರೂ ಚಿಂತೆಯಿಲ್ಲ, ಏಳಬಾರದು! ಈ ಬುದ್ಧಿ ಯಾವ ಬುದ್ಧಿ ಅಂತ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಹುಣಸೆಮರದ ಬುಡದಲ್ಲಿ ಅಪ್ಪ ಗುಂಡಿ ತೋಡಿದ. ಓಬಳಜ್ಜ ನಿಂತು ಎಲ್ಲವನ್ನೂ ಹೇಳಿಕೊಟ್ಟ.

“ಇವರ ಕುಲದಾಗೆ ಸುಡ್ತಾರೋ, ಹೂಳ್ತಾರೋ, ಕೇಳು.”

“ಹೂಳ್ತಾರಂತೆ.”

“ಹಂಗಾದ್ರೆ ನಮ್ಮಂಗೇ. ತಲೆ ದಕ್ಷಿಣಕ್ಕೆ ಬರ್ಲಿ. ಅಲ್ಲಲೇ, ಎಲ್ಲಾರ್ನೂ ಒಂದೇ ಗುಂಡಿಗೆ ಹಾಕ್ತೀಯಲ್ಲ! ಕೆಂಪಂಗಿಯೋರು, ನೀಲಿಯಂಗಿಯೋರು ಒಳಗೂ ಬಡಿದಾಡ್ಲಿ ಅಂತಲಾ? ಬ್ಯಾರೆ ತೋಡು.”

ಅಪ್ಪ ಇನ್ನೊಂದು ತೋಡಿದ. ಡಾಕ್ಟರ್ ದೊರೆ ಮೊದಮೊದಲು ತುಟಿ ಕಚ್ಚಿಕೊಂಡು ನಿಂತಿದ್ದವನು, ಮಣ್ಣು ಹಾಕುವ ಹೊತ್ತಿಗೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕುದುರೆಗಳದ್ದೊಂದು ತಕರಾರು ಬಂತು. ಪ್ರಾಣಿಗೆ ಸೂತಕ ಇಲ್ಲ, ಕುರಿ ಸತ್ತರೆ ನಾವು ಸ್ನಾನ ಮಾಡುತ್ತೇವೆಯೇ, ಕುದುರೆ ಬೇಡ ಅಂದ ಅಜ್ಜ. ಆದರೆ ಸವಾರರನ್ನು ಕುದುರೆಗೆ ಬೆಸೆದುಬಿಟ್ಟಿದ್ದರು. ಕೀಳಲು ನೋಡಿದ, ಬರಲಿಲ್ಲ. “ಬಿಡಲ್ಲ ಅಂತಾನೆ, ಅವನ ಜೊತೇನೆ ಹೋಗ್ಲಿ,” ಅಂದ. ತೋಪು ಎಳೆಯುವ ಕುದುರೆಯೊಂದು ಸವಾರನಿಲ್ಲದೆ ಕಾಲು ಮುರಿದುಕೊಂಡು ಬಿದ್ದಿತ್ತು. ಅದು ತಟ್ಟೆಯಲ್ಲಿ ಉಳಿಯಿತು. ಡಾಕ್ಟರ್ ದೊರೆ ಅದನ್ನು ಎತ್ತಿ ನನ್ನ ಕೈಗೆ ಹಾಕಿದ. ಅದೇ ಇದು.

ಮಣ್ಣು ಮಾಡಿದವನು ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಹೋಗುವ ಹಾಗಿಲ್ಲ. ಕಲ್ಲು ದೊರೆ ಅಂಗಿ ಬಿಚ್ಚಿ ಬಾವಿಕಟ್ಟೆಯಲ್ಲಿ ಕುಕ್ಕರಗಾಲಲ್ಲಿ ಕೂತ. ಓಬಳಜ್ಜ ಕೊಡದಲ್ಲಿ ನೀರು ಸುರಿದ. ಚಳಿಗಾಲದ ಬಾವಿ ನೀರಿಗೆ ದೊರೆ ಹಾ ಅಂತ ಕೂಗಿದ. ಡಾಕ್ಟರ್ ಬಂದು ಅವನ ಒದ್ದೆ ಕೈ ಕುಲುಕಿ ಏನೋ ಇಂಗ್ಲಿಷಿನಲ್ಲಿ ಹೇಳಿದ. ಸತ್ತವರನ್ನು ಹೂಳಿಯಾಯಿತು, ಇನ್ನು ನಾನು ಸೋತೆ ಅಂತ ಒಪ್ಪಿಕೊಂಡನಂತೆ. ಆಗ ದೊರೆಯ ಕಣ್ಣಲ್ಲಿ ನೀರು ಬಂತು ಅಂತ ಅಪ್ಪ ಸಾಯುವ ತನಕ ಹೇಳುತ್ತಿದ್ದ. ನಾನೂ ಅಲ್ಲೇ ಇದ್ದೆ. ತಲೆಗೂದಲಿಂದ ಇಳಿದ ಬಾವಿಯ ನೀರು ಅದು.

ಮೂರನೇ ದಿನ ಹಾಲುತುಪ್ಪ ಬಿಟ್ಟರು. ಕಂಬಳಿಯನ್ನು ಬಿಸಿಲಿಗೆ ಹಾಕಿ, ಭಂಡಾರ ಚೆಲ್ಲಿ, ಹಾಸಿ, ಕೂತು ಮಾತಾಡಿದರು. ಮಾತು ಗಟ್ಟಿಯಾಯಿತು. ಕೆಂಚಕ್ಕ ಆ ಕಂಬಳಿಯನ್ನೇ ಹೆಗಲಿಗೆ ಹಾಕಿಕೊಂಡು ಮೊಳಕಾಲ್ಮೂರು ಕಡೆಗೆ ಹೋದಳು. ಚೆನ್ನಾಗಿಯೇ ಬಾಳಿದಳು. ಮೈಲಾರಿ ಅವಳನ್ನು ರೇಗಿಸುವುದು ಒಂದೇ ಮಾತಿನಲ್ಲಿ: “ಇವಳು ದೊರೆಗೇ ಲೇ ಅಂದೋಳು, ನನ್ನ ಬಿಡ್ತಾಳಾ?” ಲೇ ಅನ್ನಲಿಲ್ಲ ಅಂತ ಅವಳು ಪ್ರತಿ ಸಲವೂ ಜಗಳಕ್ಕೆ ಬೀಳುತ್ತಿದ್ದಳು. ಕಲ್ಲು ದೊರೆ ಮುಂದಿನ ಚಳಿಗಾಲಕ್ಕೆ ಬರಲಿಲ್ಲ, ಆಮೇಲೂ ಬರಲಿಲ್ಲ. ಎಲ್ಲಿಗೆ ಹೋದ ಅಂತ ನಮಗೆ ಯಾರು ಹೇಳುತ್ತಾರೆ.

ಇಲ್ಲಿಗೆ ಮುಗಿದಿದ್ದರೆ ನಾನು ಕುದುರೆಯ ಹಿಂದೆ ಬೀದಿಗೆ ಓಡುತ್ತಿರಲಿಲ್ಲ.

ದೊಡ್ಡ ಯುದ್ಧ ಬಂತು. ಮೇಜಿನ ಮೇಲಿನದಲ್ಲ. ಹೇಸರಗತ್ತೆ ಹೊಡೆಯಲು, ಮೂಟೆ ಹೊರಲು ಜನ ಬೇಕು ಅಂತ ಊರೂರಿಗೆ ಬಂದು ಕರೆದರು. ಮೈಲಾರಿ ಹೋದ. ಪ್ರಾಣಿ ಸಾಕಿದ ಕೈ, ಒಳ್ಳೆ ಕೆಲಸ ಸಿಗುತ್ತದೆ ಅಂತ ಹೋದ. ಬಸ್ರಾ ಅನ್ನುವ ಊರಿಗೆ ಹಡಗು ಹತ್ತಿಸಿದರಂತೆ. ಆಮೇಲೆ ಒಂದು ದಿನ ತಾಲ್ಲೂಕು ಕಚೇರಿಯ ಜವಾನ ಹಟ್ಟಿಗೆ ಬಂದು, ಅವನು ಸತ್ತ ಅಂತ ಹೇಳಿ, ನೀರು ಕುಡಿದು ಹೋದ. ಎಲ್ಲಿ ಸತ್ತ, ಯಾವುದರಿಂದ ಸತ್ತ, ಮಣ್ಣು ಕೊಟ್ಟವರು ಯಾರು ಅಂತ ಅವನಿಗೂ ಗೊತ್ತಿರಲಿಲ್ಲ.

ಓಬಳಜ್ಜ ಅಷ್ಟು ಹೊತ್ತಿಗೆ ತೀರಿಕೊಂಡಿದ್ದ. ಇದ್ದಿದ್ದರೆ ಏನಾದರೂ ದಾರಿ ಹೇಳುತ್ತಿದ್ದ. ಉಳಿದವರು ಬಳೆ ಒಡಿ ಅಂದರು. ಕೆಂಚಕ್ಕ ಕೇಳಲಿಲ್ಲ. “ಹೆಣ ಎಲ್ಲೈತೆ ತೋರಿಸ್ರಿ, ಒಡೀತೀನಿ,” ಅಂದಳು. ಅತ್ತೆ ಬೈದಳು, ದೊಡ್ಡಪ್ಪ ಹೇಳಿದ. ಯಾರು ಎಷ್ಟು ಹೇಳಿದರೂ ಬಳೆ ಹಾಕಿಕೊಂಡೇ ತಿರುಗಿದಳು. ಊರವರು ಮುಖ ತಿರುಗಿಸಿದರು.

ನಾನು ಬಾಣಂತನಕ್ಕೆ ತವರಿಗೆ ಬಂದಿದ್ದೆ. ಒಂದು ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರೆ ಮೊಳಕಾಲ್ಮೂರು ದಾರಿಯಿಂದ ಅವಳೊಬ್ಬಳೇ ಬರುತ್ತಿದ್ದಳು. ಹೆಗಲ ಮೇಲೆ ಆ ಕಂಬಳಿ, ಕೈಯಲ್ಲಿ ಮುಚ್ಚಿದ ಚೆಂಬು. ಮನೆಗೆ ಬರಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನೇರ ಹುಣಸೆಮರದ ಬುಡಕ್ಕೆ ಹೋಗಿ ಕೂತು ಕೈಯಿಂದಲೇ ಮಣ್ಣು ಕೆದಕತೊಡಗಿದಳು. ನಾನು ಓಡಿದೆ. ಅವಳಿಗೆ ತಲೆ ಕೆಟ್ಟಿತು ಅಂತಲೇ ನಾನು ತಿಳಿದದ್ದು.

“ಅಕ್ಕಾ, ಏನು ಮಾಡ್ತಾ ಇದೀಯೇ? ಅಲ್ಲಿರೋದು ಗೊಂಬೆ!”

“ಸುಮ್ನಿರೇ ಈರೀ.”

ಉಗುರಿಗೆ ಒಬ್ಬ ಸಿಕ್ಕಿದ. ಎಳೆದು ತೆಗೆದಳು. ಬಣ್ಣವೆಲ್ಲ ಹೋಗಿ ಬರೀ ಬೂದು ಸೀಸ, ಕೆಂಪಿನವನೋ ನೀಲಿಯವನೋ ಹೇಳುವ ಹಾಗಿರಲಿಲ್ಲ. ಸೆರಗಿನಲ್ಲಿ ಮುಖ ಒರೆಸಿದಳು. ಕಂಬಳಿ ಹಾಸಿದಳು. ಅದರ ಮೇಲೆ ಅವನನ್ನು ನಿಲ್ಲಿಸಿದಳು.

“ನಿಂತ್ರೆ ಗೊಂಬೆ ಅಂದಿದ್ದ ಅಜ್ಜ,” ಅಂದಳು. “ನಿಂತ್ರೆ ಸತ್ತಿಲ್ಲ ಅಂತ.”

ಅವನು ಬಿದ್ದ. ಪಾದದ ಕೆಳಗಿನ ಸೀಸದ ಬಿಲ್ಲೆ ಮಣ್ಣಿನಲ್ಲಿ ಸೊಟ್ಟಗಾಗಿತ್ತು. ಮತ್ತೆ ನಿಲ್ಲಿಸಿದಳು, ಮತ್ತೆ ಬಿದ್ದ. ಹಲ್ಲಿನಲ್ಲಿ ಕಚ್ಚಿ ಬಿಲ್ಲೆಯನ್ನು ನೆಟ್ಟಗೆ ಮಾಡಿ ನಿಲ್ಲಿಸಿದಳು. ಕೈ ಬಿಟ್ಟಳು. ಒಂದು ಉಸಿರು ನಿಂತ. ಗಾಳಿಯೂ ಇರಲಿಲ್ಲ, ಬಿದ್ದ.

ಅವಳು ಅಳಲಿಲ್ಲ. ಬಿದ್ದವನನ್ನೇ ನೋಡುತ್ತಾ ಕೂತಳು.

“ನಿಲ್ತಾ ಇಲ್ಲ ಕಣೇ ಈರೀ,” ಅಂದಳು.

ಅವನನ್ನು ತಲೆ ದಕ್ಷಿಣಕ್ಕೆ ಮಾಡಿ ಮಲಗಿಸಿ ಮಣ್ಣು ಎಳೆದಳು. ಚೆಂಬಿನಲ್ಲಿದ್ದದ್ದು ಹಾಲು. ತಂದೇ ಇದ್ದಳಲ್ಲ, ಅವಳಿಗೆ ಗೊತ್ತಿತ್ತು. ಸುರಿದಳು. ಆಮೇಲೆ ಎರಡೂ ಕೈ ಎತ್ತಿ ಹುಣಸೆಯ ಬೇರಿಗೆ ಬಡಿದಳು. ಬಳೆ ಚೂರುಗಳು ನನ್ನ ಕಾಲಿನ ತನಕ ಹಾರಿ ಬಂದವು.

ಇವತ್ತು ಬೆಳಿಗ್ಗೆ ಸೊಸೆ ಗೂಡು ಸಾರಿಸಿ, ಕುದುರೆಯನ್ನು ದೀಪದ ಬುಡ್ಡಿಗೆ ಒರಗಿಸಿ ನಿಲ್ಲಿಸಿದ್ದಾಳೆ. ಇಷ್ಟು ಬರೆದು ಎದ್ದು ಹೋಗಿ ನೋಡಿದೆ. ಮಲಗಿಸಿ ಬಂದೆ.